ನೌಕರಿ ಕಾರ್ಡು ಬರೆಯುತ್ತಿದ್ದ ವರ್ಷಗಳು

ಗಂಗಾವತಿಯಿಂದ ಕೊಪ್ಪಳಕ್ಕೆ ಬರುವ ಬಸ್ಸಿನಲ್ಲಿ ಒಮ್ಮೆ ಕಂಡಕ್ಟರ್ ನನ್ನ ಮುಂದೆ ಬಂದು ನಿಂತು "ಎಲ್ಲಿಗ್ರಿ?" ಎಂದು ಕೇಳಿದ. ತಲೆ ಎತ್ತಿ ನೋಡಿದರೆ ಗುರುತಿನ ಮುಖ. ಐದು ವರ್ಷದ ಹಿಂದೆ ಅವನು ನಮ್ಮ ಕಚೇರಿಯ ಕಿಟಕಿಗೆ ಹತ್ತಾರು ಸಲ ಬಂದಿದ್ದ. ಅವನ ಸಂದರ್ಶನ ಪತ್ರ ಬರೆದವಳು ನಾನೇ. ಇನ್ನೇನು ಹೆಸರು ಹಿಡಿದು ಮಾತಾಡಿಸುತ್ತಾನೆ ಎಂದುಕೊಂಡೆ. ಅವನು ಇನ್ನೊಮ್ಮೆ "ಎಲ್ಲಿಗ್ರಿ ಅಕ್ಕಾರ?" ಎಂದ. "ಕೊಪ್ಪಳ" ಎಂದೆ. ಟಿಕೆಟ್ ಹರಿದು ಕೊಟ್ಟು ಹಿಂದಿನ ಸೀಟಿಗೆ ಹೋದ.

ಈ ಕೆಲಸಕ್ಕೆ ಹೊಸದಾಗಿ ಬರುತ್ತಿರುವವರಿಗೆ ಮೊದಲು ಹೇಳಬೇಕಾದದ್ದು ಇದೇ. ನಿಮ್ಮನ್ನು ಈಗ ವೃತ್ತಿ ಸಮಾಲೋಚಕರು ಎನ್ನುತ್ತಾರೆ, ನಿಮಗೆ ಪ್ರೊಜೆಕ್ಟರ್ ಕೊಡುತ್ತಾರೆ. ನನ್ನನ್ನು ಹಳ್ಳಿಯವರು ‘ನೌಕರಿ ಕಾರ್ಡಿನ ಮೇಡಂ’ ಎನ್ನುತ್ತಿದ್ದರು. ಓದಿದ ಹುಡುಗ ಹುಡುಗಿಯರ ಹೆಸರು ಬರೆದುಕೊಳ್ಳುವುದು, ಎಲ್ಲಾದರೂ ಹುದ್ದೆ ಖಾಲಿ ಇದೆ ಎಂದು ತಿಳಿದರೆ ಅರ್ಹರಿಗೆ ಪತ್ರ ಕಳಿಸುವುದು, ವರ್ಷಕ್ಕೆ ಕೆಲವು ದಿನ ಸಾಲಿ ಕಾಲೇಜುಗಳಿಗೆ ಹೋಗಿ ‘ಮುಂದೇನು?’ ಎಂದು ಭಾಷಣ ಮಾಡುವುದು, ಇಷ್ಟು ನನ್ನ ಕೆಲಸ. ಕೆಲಸ ಸಿಕ್ಕವರು ತಿರುಗಿ ಬರುವುದಿಲ್ಲ. ಅದರಲ್ಲಿ ಅವರ ತಪ್ಪಿಲ್ಲ. ಜ್ವರ ಬಿಟ್ಟವನು ದವಾಖಾನೆಗೆ ಯಾಕೆ ಬರುತ್ತಾನೆ? ಸಿಗದವರು ಮಾತ್ರ ಬರುತ್ತಿದ್ದರು. ಹಾಗಾಗಿ ನಾನು ಮೂರು ದಶಕ ನೋಡಿದ್ದು ಕಾಯುವವರ ಮುಖಗಳನ್ನೇ.

ಕೊಪ್ಪಳ ಭಾಗದ ನಾಲ್ಕೂ ತಾಲೂಕಿನ ಜನ ನಮ್ಮಲ್ಲಿಗೆ ಬರುತ್ತಿದ್ದರು. ಕಚೇರಿ ಯಾವುದು, ಯಾವ ಓಣಿಯಲ್ಲಿತ್ತು ಎಂದು ಬರೆಯುವುದಿಲ್ಲ. ಮುಂದೆ ನಾನು ಹೇಳುವ ತಪ್ಪು ಆ ಗೋಡೆಗಳದ್ದಲ್ಲ, ನನ್ನದು.

ನಾನು ಸೇರಿದಾಗ ಕೊಪ್ಪಳ ಇನ್ನೂ ಜಿಲ್ಲೆ ಆಗಿರಲಿಲ್ಲ. ನಮ್ಮ ಮೇಲಧಿಕಾರಿ ಖಾದ್ರಿ ಸಾಹೇಬರು. ತೆಳ್ಳಗಿನ ಮನುಷ್ಯ, ಬಿಳಿ ಅಂಗಿಯ ಜೇಬಿನಲ್ಲಿ ಎರಡು ಪೆನ್ನು. ಗೋಡೆಯುದ್ದಕ್ಕೂ ಕಟ್ಟಿಗೆಯ ಖಾನೆಗಳು, ಒಂದೊಂದರಲ್ಲೂ ನೂರಾರು ಕಾರ್ಡು. ಹೆಸರು, ಓದು, ಊರು, ಹುಟ್ಟಿದ ದಿನ. ಮೊದಲ ವಾರ ಅವರು ನನಗೆ ಬರೆಯಲು ಕೊಡಲೇ ಇಲ್ಲ. ಪಕ್ಕದಲ್ಲಿ ಕೂರಿಸಿಕೊಂಡು ಬಂದವರ ಜೊತೆ ತಾವೇ ಮಾತಾಡುತ್ತಿದ್ದರು. ಬಂದವನು ಕಿಟಕಿಯ ಹೊರಗೆ ನಿಂತು ಸರ್ಟಿಫಿಕೇಟು ಚಾಚಿದರೆ, ಅದನ್ನು ಮುಟ್ಟುವ ಮೊದಲು "ಊಟ ಆತೇನಪಾ?" ಎಂದು ಕೇಳುವರು. ಆಮೇಲೆ, "ಏನು ಓದಿ ಅಂತ ಇದರಾಗ ಬರದೈತಿ. ಏನು ಬರತೈತಿ ನಿನಗ? ಅದನ್ನ ಹೇಳು" ಎನ್ನುವರು. ಹುಡುಗರು ತಬ್ಬಿಬ್ಬಾಗುತ್ತಿದ್ದರು. ಒಬ್ಬ "ಪಂಪ್‌ಸೆಟ್ ಬಿಚ್ಚಿ ಜೋಡಸ್ತೀನ್ರಿ" ಎನ್ನುತ್ತಿದ್ದ, ಇನ್ನೊಬ್ಬ "ಮದಿವಿ ಅಡಿಗಿ ಮಾಡ್ತೀನ್ರಿ" ಎನ್ನುತ್ತಿದ್ದ. ಸಾಹೇಬರು ಅದನ್ನೆಲ್ಲ ಕಾರ್ಡಿನ ಹಿಂದೆ ಪೆನ್ಸಿಲಿನಲ್ಲಿ ಬರೆದಿಡುತ್ತಿದ್ದರು. ನಿಯಮದಲ್ಲಿ ಅದಕ್ಕೆ ಜಾಗವೇ ಇರಲಿಲ್ಲ.

ಒಂದು ದಿನ ಕೇಳಿದೆ, "ಸಾಹೇಬರ, ಕೆಲಸ ಸಿಗತೈತೇನ್ರಿ ಅಂತ ಕೇಳಿದ್ರ ಏನು ಹೇಳಬೇಕ್ರಿ?"

"ನೋಡವಾ, ಆಗತೈತಿ ಅನಬ್ಯಾಡ. ಆಗಂಗಿಲ್ಲ ಅಂತನೂ ಅನಬ್ಯಾಡ. ಎರಡೂ ನಮ್ಮ ಕೈಯಾಗಿಲ್ಲ. ಪತ್ರ ಹೊತ್ತಿಗೆ ಸರಿಯಾಗಿ ಕಳಸೋದು ನಮ್ಮ ಕೈಯಾಗೈತಿ. ಅದನ್ನ ಮಾಡು."

ಅವರಿದ್ದಷ್ಟು ದಿನ ಮಧ್ಯಾಹ್ನ ಡಬ್ಬಿ ಬಿಚ್ಚಿ ನಾವಿಬ್ಬರೂ ಉಣ್ಣುತ್ತಿದ್ದೆವು. ಅವರ ವರ್ಗಾವಣೆಯಾದ ಮೇಲೆ ನಾನು ಒಬ್ಬಳೇ ಉಂಡದ್ದೇ ಹೆಚ್ಚು. ನನ್ನದು ಒಂಟಿ ಜೀವ. ಅವ್ವ ತೀರಿದ ಮೇಲೆ ಬಾಡಿಗೆಯ ಎರಡು ಕೋಣೆ, ಒಂದು ರೇಡಿಯೋ. ಲಗ್ನ ಯಾಕಾಗಲಿಲ್ಲ ಎಂಬುದು ಇಲ್ಲಿ ಬೇಡದ ಮಾತು.

ಭಾಷಣದ ಕಥೆ ಹೇಳುತ್ತೇನೆ. ನನ್ನ ಮೊದಲ ಭಾಷಣ ಕುಷ್ಟಗಿ ಕಡೆಯ ಒಂದು ಹೈಸ್ಕೂಲಿನಲ್ಲಿ. ಮೇಲಿಂದ ಬಂದ ಪುಸ್ತಿಕೆಯನ್ನು ಬಾಯಿಪಾಠ ಮಾಡಿಕೊಂಡು ಹೋಗಿದ್ದೆ. ವಿಮಾನ ನಡೆಸುವುದು, ಹಡಗಿನ ಎಂಜಿನಿಯರಿಂಗು, ದೊಡ್ಡ ಹೋಟೆಲುಗಳ ಮ್ಯಾನೇಜರಿಕೆ. ಹತ್ತನೇ ಇಯತ್ತೆಯ ಮಕ್ಕಳು ಬಾಯಿ ತೆರೆದು ಕೇಳುತ್ತಿದ್ದರು. ಕೊನೆಗೆ ಹಿಂದಿನ ಸಾಲಿನಿಂದ ಒಬ್ಬ ಹುಡುಗ ಎದ್ದ. "ಮೇಡಂರಿ, ಕುರಿ ಸಾಕೋದು ಇದರಾಗ ಬರಂಗಿಲ್ಲೇನ್ರಿ?" ಎಂದ. ಇಡೀ ಕೋಣೆ ಗೊಳ್ಳೆಂದು ನಕ್ಕಿತು. ನನ್ನನ್ನು ಹೀಯಾಳಿಸುತ್ತಿದ್ದಾನೆ ಅನ್ನಿಸಿತು. "ಕುರಿ ಕಾಯೋದಿದ್ರ ಸಾಲಿಗೆ ಯಾಕ ಬಂದಿ? ಕುಂದರು" ಎಂದುಬಿಟ್ಟೆ. ಮಕ್ಕಳು ಮತ್ತಷ್ಟು ನಕ್ಕರು. ಅವನು ಕುಳಿತ.

ತಿರುಗಿ ಬರುವಾಗ ಬಸ್ಸಿನ ಎರಡೂ ಬದಿಗೆ ಕುರಿ ಹಿಂಡುಗಳು ಕಂಡವು. ಅವನು ನಿಜವಾಗಿಯೇ ಕೇಳಿದ್ದ. ಅವನ ಮನೆಯಲ್ಲಿ ಅಷ್ಟು ಕುರಿ ಇದ್ದಿರಬೇಕು, ಅವನಿಗೆ ಅವುಗಳ ರೋಗ, ಮೇವು, ತಳಿ ಎಲ್ಲ ಗೊತ್ತಿದ್ದಿರಬೇಕು. ಈಗ ಅದಕ್ಕೇ ತರಬೇತಿ ಇದೆ, ಸಹಾಯಧನ ಇದೆ, ಓದಿದವರೇ ಆ ಕೆಲಸಕ್ಕೆ ಇಳಿಯುತ್ತಿದ್ದಾರೆ. ಅವತ್ತು ಗೊತ್ತಿದ್ದದ್ದು ಅವನಿಗೆ, ಗೊತ್ತಿಲ್ಲದ್ದು ನನಗೆ. ಕುಳಿತು ಕೇಳಬೇಕಾದವಳು ನಾನಾಗಿದ್ದೆ.

ಮುಂದಿನ ಕಾಲದ ಕೆಲಸ ಯಾವುದು ಎಂದು ನಾನು ಹೇಳಿದ್ದೆಲ್ಲ ಹೀಗೆಯೇ. ಟೈಪಿಂಗ್ ಕಲಿಯಿರಿ ಎಂದೆ, ಮಷಿನ್ನುಗಳು ತುಕ್ಕು ಹಿಡಿದವು. ಟಿ.ವಿ. ರಿಪೇರಿ ಎಂದೆ, ಅದೂ ಹೋಯಿತು. ಗಂಗಾವತಿ ಹತ್ತಿರ, ಆಂಧ್ರದಿಂದ ಬಂದು ನೆಲೆಸಿದವರ ಕ್ಯಾಂಪಿನಲ್ಲಿ ಸುಬ್ಬಾರಾವ್ ಎಂಬುವವರಿದ್ದರು, ಒಂದು ಕಾಲು ಪೋಲಿಯೋದಲ್ಲಿ ಹೋಗಿತ್ತು. ಅವರಿಗೆ ಎಸ್‌ಟಿಡಿ ಬೂತಿನ ಅರ್ಜಿ ನಾನೇ ತುಂಬಿಕೊಟ್ಟೆ. "ಇದು ಮುಂದಿನ ಕಾಲದ ಕೆಲಸರಿ, ಜನ ಎಂದೂ ಮಾತಾಡೋದು ಬಿಡಂಗಿಲ್ಲ" ಎಂದಿದ್ದೆ. ಕೆಲವು ವರ್ಷ ಬೂತಿನ ಮುಂದೆ ಸಾಲು ನಿಂತಿತು. ಆಮೇಲೆ ಎಲ್ಲರ ಕೈಗೂ ಫೋನ್ ಬಂತು. ಒಮ್ಮೆ ಅಲ್ಲಿಗೆ ಹೋದಾಗ ಗಾಜಿನ ಕೋಣೆಯಲ್ಲಿ ಅಕ್ಕಿ ಚೀಲ ಇಟ್ಟಿದ್ದರು. ನನ್ನನ್ನು ನೋಡಿ ನಕ್ಕು, "ಮೇಡಂಗಾರು, ನಿಮ್ಮ ಮುಂದಿನ ಕಾಲ ಹಿಂದಾತಲ್ರಿ!" ಎಂದರು. ನಾನೂ ನಕ್ಕೆ. ಅವರು ಅಕ್ಕಿ ಅಂಗಡಿ ಇಟ್ಟು ಬದುಕಿಕೊಂಡಿದ್ದರು, ಅದಕ್ಕೆ ನಗುವುದು ಸಾಧ್ಯವಾಯಿತು.

ನಗಲು ಆಗದ ಒಂದು ಪ್ರಕರಣ ಇದೆ. ಅದನ್ನು ಬರೆಯಲೆಂದೇ ಕುಳಿತೆ.

ವಿರೂಪಾಕ್ಷಪ್ಪ ಹಿಟ್ನಾಳದವನು. ಎಸ್ಸೆಸ್ಸೆಲ್ಸಿ ಪಾಸು, ಕನ್ನಡ ಟೈಪಿಂಗ್ ಕೂಡ ಆಗಿತ್ತು. ಮೊದಲ ಸಲ ಬಂದಾಗ ಇಪ್ಪತ್ತರ ಹುಡುಗ, ಕೂದಲಿಗೆ ಎಣ್ಣೆ ಹಚ್ಚಿ, ಇಸ್ತ್ರಿ ಅಂಗಿ ಹಾಕಿಕೊಂಡು ಬಂದಿದ್ದ. ಖಾದ್ರಿ ಸಾಹೇಬರು "ಏನು ಬರತೈತಿ?" ಎಂದು ಕೇಳಿದಾಗ, "ಅಕ್ಷರ ದುಂಡಗ ಬರೀತೀನ್ರಿ" ಎಂದ. ಸಾಹೇಬರು ಕಾರ್ಡನ್ನು ಅವನ ಕೈಯಲ್ಲೇ ಕೊಟ್ಟು ಬರೆಸಿದರು. ಆ ಖಾನೆಯಲ್ಲಿ ಅಷ್ಟು ಚಂದದ ಅಕ್ಷರ ಇನ್ನೊಂದು ಕಾರ್ಡಿನಲ್ಲಿರಲಿಲ್ಲ.

ಮೂರು ವರ್ಷಕ್ಕೊಮ್ಮೆ ನೋಂದಣಿ ನವೀಕರಿಸಬೇಕು. ಬಹಳ ಜನ ಮರೆಯುತ್ತಿದ್ದರು. ಅವನು ಮರೆಯಲಿಲ್ಲ. ಎರಡನೇ ನವೀಕರಣದ ಹೊತ್ತಿಗೆ ಖಾದ್ರಿ ಸಾಹೇಬರು ಹೋಗಿ ಹೊಸ ಸಾಹೇಬರು ಬಂದಿದ್ದರು. ಇವರಿಗೆ ಸಣ್ಣ ತಪ್ಪಿಗೂ ಮೆಮೋ ಬರೆಯುವ ಅಭ್ಯಾಸ. ಅವತ್ತು ವಿರೂಪಾಕ್ಷಪ್ಪ ನವೀಕರಣದ ಜೊತೆಗೆ ಇನ್ನೊಂದು ಮಾತು ಹೇಳಿದ್ದ, "ಮೇಡಂರಿ, ವಿಳಾಸ ಬದಲಾಗೈತ್ರಿ. ಅಕ್ಕನ ಮನಿಗೆ ಗಿಣಿಗೇರಾಕ್ಕ ಬಂದೀನಿ. ಕಾರ್ಖಾನ್ಯಾಗ ಕೂಲಿ ಸಿಗತೈತಿ ಅಂತ."

ಒಂದು ಚೀಟಿಯ ಮೇಲೆ ಗಿಣಿಗೇರಾದ ವಿಳಾಸ ಬರೆದುಕೊಂಡೆ. ಕಿಟಕಿಯ ಮುಂದೆ ಉದ್ದ ಸಾಲಿತ್ತು. ಸಂಜೆ ಕಾರ್ಡಿನಲ್ಲಿ ಬರೆದರಾಯಿತು ಎಂದು ಚೀಟಿಯನ್ನು ರಿಜಿಸ್ಟರಿನಲ್ಲಿ ಇಟ್ಟೆ. ಸಂಜೆ ಮರೆತೆ.

ಕೆಲವು ತಿಂಗಳ ನಂತರ ಒಂದು ಇಲಾಖೆಯಿಂದ ಗುಮಾಸ್ತರ ಹುದ್ದೆಗೆ ಹೆಸರು ಕೇಳಿದರು. ಕಾರ್ಡು ತೆಗೆದು ತೆಗೆದು ಪತ್ರ ಬರೆದೆ. ಅದರಲ್ಲಿ ವಿರೂಪಾಕ್ಷಪ್ಪನದೂ ಇತ್ತು. ಬರೆಯುವಾಗ ಸಂತೋಷವಾಗಿತ್ತು ಎಂಬುದು ಇವತ್ತಿಗೂ ನೆನಪಿದೆ. ವಿಳಾಸ ಮಾತ್ರ ಕಾರ್ಡಿನಲ್ಲಿದ್ದದ್ದೇ, ಹಿಟ್ನಾಳದ್ದು.

ಸಂದರ್ಶನ ಮುಗಿದು ನಾಲ್ಕು ದಿನಕ್ಕೆ ಲಕೋಟೆ ತಿರುಗಿ ಬಂತು. ‘ಈ ವಿಳಾಸದಲ್ಲಿ ಇಲ್ಲ’ ಎಂದು ಅಂಚೆಯವರು ಕೆಂಪು ಶಾಯಿಯಲ್ಲಿ ಬರೆದಿದ್ದರು. ಕೂಡಲೇ ಆ ಚೀಟಿ ನೆನಪಾಯಿತು. ರಿಜಿಸ್ಟರ್ ತೆಗೆದೆ, ಇಟ್ಟಲ್ಲೇ ಇತ್ತು. ಒಳಗಿನ ಕೋಣೆಯಲ್ಲಿ ಹೊಸ ಸಾಹೇಬರು ಯಾರನ್ನೋ ಗದರುತ್ತಿದ್ದರು. ನಾನು ಎದ್ದು ಹೋಗಿ ಹೇಳಬೇಕಿತ್ತು. ಲಕೋಟೆಯನ್ನು ಸೀರೆಯ ಸೆರಗಿನಲ್ಲಿ ಮುಚ್ಚಿಕೊಂಡು, ಚೀಲಕ್ಕೆ ಹಾಕಿ, ಮನೆಗೆ ಒಯ್ದೆ.

ಮೂರು ವರ್ಷ ಬಿಟ್ಟು ಅವನು ಬಂದ. ಕಾರ್ಖಾನೆಯೊಂದರ ಗೇಟಿನಲ್ಲಿ ಲಾರಿಗಳ ನಂಬರು ಬರೆದುಕೊಳ್ಳುವ ಕೆಲಸ ಸಿಕ್ಕಿತ್ತು, ಗುತ್ತಿಗೆಯದು. ಲಗ್ನವಾಗಿತ್ತು. ಕಿಟಕಿಯಲ್ಲಿ ಬಾಗಿ, "ನನಗ ಒಂದರ ಕರೆ ಬಂದಿತ್ತೇನ್ರಿ ಮೇಡಂ, ನಡುವ?" ಎಂದು ಕೇಳಿದ.

"ಇಲ್ಲಪಾ" ಎಂದೆ.

"ಇರ್ಲಿ ಬಿಡ್ರಿ. ನನ್ನಕಿಂತ ಛಲೋ ಮಾರ್ಕ್ಸಿನವರು ಭಾಳ ಮಂದಿ ಇರತಾರ" ಎಂದು ಹೋದ.

ಆಮೇಲೆ ಮೂರು ವರ್ಷಕ್ಕೊಮ್ಮೆ ಅದೇ ಪ್ರಶ್ನೆ, ಅದೇ ಉತ್ತರ. ಅವನ ಕೂದಲು ಹಣ್ಣಾಯಿತು, ನನ್ನದೂ ಆಯಿತು. ಅವನು ಬರುವ ತಿಂಗಳು ನನಗೆ ಮೊದಲೇ ಗೊತ್ತಿರುತ್ತಿತ್ತು. ಹೇಳಿಕೊಳ್ಳಲು ಒಬ್ಬರೂ ಇರಲಿಲ್ಲ. ಮನೆಯಲ್ಲಿ ಟ್ರಂಕಿನೊಳಗೆ ನನ್ನ ಸರ್ಟಿಫಿಕೇಟುಗಳ ನಡುವೆ ಆ ಲಕೋಟೆ ಒಡೆಯದೆ ಬಿದ್ದಿತ್ತು. ನನ್ನ ತಪ್ಪಿನಿಂದ ಅವನ ನೌಕರಿ ಹೋಯಿತು ಎಂದು ಖಚಿತವಾಗಿ ಹೇಳಲಾರೆ. ಅವತ್ತಿನ ಸಂದರ್ಶನಕ್ಕೆ ಇನ್ನೂ ಎಷ್ಟೋ ಜನ ಹೋಗಿದ್ದರು, ಅವನು ಆಯ್ಕೆ ಆಗುತ್ತಿದ್ದನೋ ಇಲ್ಲವೋ. ನನ್ನನ್ನು ತಿನ್ನುತ್ತಿದ್ದದ್ದು ಅದೇ. ಆಯ್ಕೆ ಆಗುತ್ತಿರಲಿಲ್ಲ ಎಂದು ಕೆಲವು ಸಲ ನನಗೆ ನಾನೇ ಹೇಳಿಕೊಂಡು ನಿದ್ದೆ ಮಾಡಿದ್ದೇನೆ.

ಕಚೇರಿಗೆ ಕಂಪ್ಯೂಟರ್ ಬಂತು. ಕಾರ್ಡಿನಲ್ಲಿದ್ದದ್ದನ್ನೆಲ್ಲ ಅದಕ್ಕೆ ಏರಿಸಿದೆವು. ಹಿಂಬದಿಯ ಪೆನ್ಸಿಲ್ ಬರಹಕ್ಕೆ ಅದರಲ್ಲಿ ಕಾಲಮ್ಮು ಇರಲಿಲ್ಲ. ಪಂಪ್‌ಸೆಟ್ ಬಿಚ್ಚುವವನೂ ಮದುವೆ ಅಡಿಗೆಯವನೂ ಬರೀ ಎಸ್ಸೆಸ್ಸೆಲ್ಸಿ ಆದರು. ಆಮೇಲೆ ಜನ ತಮ್ಮ ಫೋನಿನಲ್ಲೇ ಹೆಸರು ಹಚ್ಚುವುದು ಶುರುವಾಯಿತು. ಕಿಟಕಿಯ ಮುಂದಿನ ಸಾಲು ಮೊದಲು ಗಿಡ್ಡವಾಯಿತು, ನಂತರ ಇಲ್ಲವಾಯಿತು. ಕೆಲವು ದಿನ ಬೆಳಿಗ್ಗೆಯಿಂದ ಸಂಜೆವರೆಗೆ ನನ್ನ ಬಾಯಿಂದ ಒಂದು ಮಾತೂ ಹೊರಡುತ್ತಿರಲಿಲ್ಲ. ಬಾಗಿಲ ಬಳಿ ಸಪ್ಪಳವಾದರೆ ತಲೆ ಎತ್ತುತ್ತಿದ್ದೆ. ಕರೆಂಟ್ ಬಿಲ್ ಎಲ್ಲಿ ಕಟ್ಟುವುದು ಎಂದು ಕೇಳಲು ಬಂದವರಿರುತ್ತಿದ್ದರು.

ವಿರೂಪಾಕ್ಷಪ್ಪ ಮಾತ್ರ ಖುದ್ದು ಬರುತ್ತಿದ್ದ. ಸರ್ಕಾರಿ ನೌಕರಿಯ ವಯಸ್ಸು ಎಂದೋ ದಾಟಿತ್ತು. ಒಮ್ಮೆ ಹೇಳಿದೆ, "ಇನ್ನ ಇದರಿಂದ ಏನೂ ಉಪಯೋಗಿಲ್ರಿ ವಿರೂಪಾಕ್ಷಪ್ಪ. ಯಾಕ ಒಂದು ದಿನದ ಕೂಲಿ ಬಿಟ್ಟು ಬರತೀರಿ?"

"ಗೊತ್ತೈತ್ರಿ" ಎಂದ. "ಗೇಟಿನ್ಯಾಗ ದಿನಾ ಲಾರಿ ನಂಬರು ಬರೀತೀನ್ರಿ. ನನ್ನ ಹೆಸರು ಬರಕೊಂಡು ಇಟ್ಟಿದ್ದು ಇದೊಂದ ಕಚೇರಿ. ಇರ್ಲಿ ಬಿಡ್ರಿ."

ನನ್ನ ನಿವೃತ್ತಿಗೆ ಕೆಲವು ವರ್ಷ ಇರುವಾಗ ಗಂಗಾವತಿಯ ಒಂದು ಕಾಲೇಜಿನಲ್ಲಿ ಉದ್ಯೋಗ ಮೇಳ ಆಯಿತು. ಅಂಗಳದಲ್ಲಿ ಶಾಮಿಯಾನ, ಬಣ್ಣದ ಬ್ಯಾನರು, ಟೈ ಕಟ್ಟಿದ ಹುಡುಗರು. ಸೋಲಾರ್, ಗಾಳಿಯಿಂದ ಕರೆಂಟ್ ತೆಗೆಯುವ ದೊಡ್ಡ ಗಾಳಿ ಫ್ಯಾನು, ಆಟಿಕೆ ಕಾರ್ಖಾನೆ, ದವಾಖಾನೆಯ ಕೆಲಸ, ಮನೆ ಮನೆಗೆ ಸಾಮಾನು ಮುಟ್ಟಿಸುವ ಕೆಲಸ, ಎಲ್ಲವೂ ಮುಂದಿನ ಕಾಲದ್ದೇ. ನನ್ನನ್ನೂ ವೇದಿಕೆ ಹತ್ತಿಸಿ ಐದು ನಿಮಿಷ ಕೊಟ್ಟರು. ಅವರು ಬರೆದುಕೊಟ್ಟದ್ದನ್ನು ಓದಿದೆ. ಪ್ರಶ್ನೆ ಇದ್ದರೆ ಕೇಳಿ ಎಂದಾಗ ಮುಂದಿನ ಸಾಲಿನ ಒಬ್ಬ ಹುಡುಗಿ ಎದ್ದಳು.

"ಮೇಡಂ, ಇವು ಎಷ್ಟು ವರ್ಷ ಇರತಾವ್ರಿ?"

"ಏನು ಎಷ್ಟು ವರ್ಷ?"

"ಈ ಕೆಲಸಗಳ್ರಿ. ಕಲಿಯಾಕ ಎರಡು ವರ್ಷ ಬೇಕು ಅಂತೀರಿ. ಕಲ್ತ ಮ್ಯಾಲ ಎಷ್ಟು ವರ್ಷ ಇರತಾವು?"

ಟೈಪಿಂಗ್ ಮಷಿನ್ನು, ಅಕ್ಕಿ ಚೀಲದ ಗಾಜಿನ ಕೋಣೆ, ಎಲ್ಲ ಕಣ್ಣ ಮುಂದೆ ಬಂತು. "ನನಗ ಗೊತ್ತಿಲ್ಲವಾ" ಎಂದೆ. ಅಷ್ಟು ವರ್ಷದಲ್ಲಿ ವೇದಿಕೆಯ ಮೇಲೆ ನಾನಾಡಿದ ಮೊದಲ ಸತ್ಯ ಅದೇ ಇರಬೇಕು. ಸಂಘಟಕರು ಮೈಕ್ ಇಸಿದುಕೊಂಡರು.

ಕೆಳಗಿಳಿದಾಗ ಆ ಹುಡುಗಿ ಅಪ್ಪನ ಜೊತೆ ನನ್ನ ಬಳಿ ಬಂದಳು. ಅಪ್ಪ ವಿರೂಪಾಕ್ಷಪ್ಪ. "ಮಗಳ್ರಿ, ರೇಣುಕಾ. ಪಿಯುಸಿ ಆಗೈತ್ರಿ" ಎಂದು, ಮಗಳ ಕಡೆ ತಿರುಗಿ, "ಇವರ ನೋಡವಾ ನನ್ನ ಹೆಸರು ಬರಕೊಂಡು ಇಟ್ಟವರು. ಇವರು ಹೇಳಿದ ಕೋರ್ಸಿಗೇ ನೀ ಹೋಗಬೇಕು. ಎಂದೂ ಆಸೆ ತೋರಸಿ ಸುಳ್ಳು ಹೇಳಿದವರಲ್ಲ" ಎಂದ.

"ಯಾವುದಕ್ಕ ಹೋಗ್ಲಿರಿ ಮೇಡಂ?" ಎಂದಳು ರೇಣುಕಾ. ಅವಳ ಕೈಯಲ್ಲಿ ನಾಲ್ಕೈದು ಬಣ್ಣದ ಕಾಗದಗಳಿದ್ದವು.

"ಒಂದು ವಾರ ತಡಿ. ನಾನೇ ನಿಮ್ಮ ಮನಿಗೆ ಬರತೀನಿ" ಎಂದೆ.

ಮುಂದಿನ ಭಾನುವಾರ ಟ್ರಂಕಿನಿಂದ ಲಕೋಟೆ ತೆಗೆದುಕೊಂಡು ಗಿಣಿಗೇರಾಕ್ಕೆ ಹೋದೆ. ಎರಡು ಕೋಣೆಯ ಮನೆ, ಬಾಗಿಲ ಮುಂದೆ ಕರಿಬೇವಿನ ಗಿಡ. ಎಲೆಗಳ ಮೇಲೆ ಕಾರ್ಖಾನೆಯ ದೂಳು ಕೂತಿತ್ತು. ವಿರೂಪಾಕ್ಷಪ್ಪನಿಗೆ ಅವತ್ತು ರಜೆ. "ಬರ್ರಿ ಬರ್ರಿ, ಕುಂದರ್ರಿ" ಎಂದು ಕುರ್ಚಿ ಒರೆಸಿದ. ಅವನ ಹೆಂಡತಿ ದ್ಯಾಮವ್ವ ನೀರು ತಂದಳು. ರೇಣುಕಾ ಬಾಗಿಲಿಗೆ ಒರಗಿ ನಿಂತಳು. ನೀರು ಕುಡಿದರೆ ಹೇಳಲಾರೆ ಅನ್ನಿಸಿ ಲೋಟ ಕೆಳಗಿಟ್ಟೆ.

ಹೇಳಿದೆ. ಚೀಟಿ, ಸಾಲು, ಸಂಜೆ ಮರೆತದ್ದು, ಕೆಂಪು ಶಾಯಿ, ಸೆರಗು, ಎಲ್ಲ. ಮೂರು ವರ್ಷಕ್ಕೊಮ್ಮೆ ಅವನ ಮುಖ ನೋಡಿ ಇಲ್ಲ ಎಂದದ್ದನ್ನೂ ಹೇಳಿದೆ. ಹೇಳುವಾಗ ನೆಲ ನೋಡುತ್ತಿದ್ದೆ. ಮುಗಿದ ಮೇಲೆ ಲಕೋಟೆಯನ್ನು ಚಾಚಿದೆ.

ಅವನು ತೆಗೆದುಕೊಳ್ಳಲಿಲ್ಲ. ಎದ್ದು ಹಿಂದಕ್ಕೆ ಹೋದ. ಹೊಡೆಯಲು ಏನಾದರೂ ತರುತ್ತಾನೋ ಅನ್ನಿಸಿತು, ತಂದರೆ ತರಲಿ ಎಂದೂ ಅನ್ನಿಸಿತು. ನೀರಿನ ಸಪ್ಪಳ ಕೇಳಿತು. ಕೈ ತೊಳೆದುಕೊಂಡು, ಟವೆಲಿಗೆ ಒರೆಸಿಕೊಂಡು ಬಂದು, ಎರಡೂ ಕೈಯಲ್ಲಿ ಲಕೋಟೆ ಇಸಿದುಕೊಂಡ. ಮೆಲ್ಲಗೆ ಅಂಚು ಹರಿದ. ಹಳದಿಯಾದ ಕಾಗದ. ಮೊದಲ ಸಾಲಿನ ಮೇಲೆ ಬೆರಳಿಟ್ಟು ಓದಿದ, "ಶ್ರೀ ವಿರೂಪಾಕ್ಷಪ್ಪ." ನಿಲ್ಲಿಸಿದ. "ಶ್ರೀ ಅಂತ ಬರದೈತಿ" ಎಂದ.

ಮತ್ತೆ ಪೂರ್ತಿ ಓದಿದ. ತಲೆ ಎತ್ತಿದಾಗ ಮುಖದಲ್ಲಿ ನಾನು ಎಂದೂ ನೋಡದ ಕಳೆ ಇತ್ತು.

"ಅಂದ್ರ ನನಗ ಕರೆ ಬಂದಿತ್ತು!"

ಹೆಂಡತಿಯ ಕಡೆ ತಿರುಗಿದ.

"ಏ, ಕೇಳಿದೇನ? ನನಗ ಕರೆ ಬಂದಿತ್ತಂತ. ಇಷ್ಟು ವರ್ಷ ನಾನು ಯಾರಿಗೂ ಬ್ಯಾಡಾಗೀನಿ ಅನಕೊಂಡಿದ್ನಲ್ಲ! ಕರೆದಿದ್ರು ನನ್ನ. ಇಲ್ಲಿ ನೋಡ, ಮುಂಜಾನೆ ಹತ್ತು ಗಂಟೆಕ್ಕ ಬರ್ರಿ ಅಂತ ಬರದಾರ." ಕಾಗದವನ್ನು ಮಡಿಸಿ ಜೇಬಿಗಿಟ್ಟ, ಮತ್ತೆ ತೆಗೆದ. "ಬಾಜೂಮನಿ ಮಾಸ್ತರಿಗೆ ತೋರಿಸಿ ಬರತೀನಿ, ಕುಂದರ್ರಿ ಮೇಡಂ" ಎಂದು ಚಪ್ಪಲಿ ಕೂಡ ಮೆಟ್ಟದೆ ಹೊರಗೆ ಓಡಿದ.

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಇದನ್ನು ತಡೆದುಕೊಳ್ಳಲು ಆಗಲಿಲ್ಲ. ಸೆರಗು ಬಾಯಿಗೆ ಒತ್ತಿ ಹಿಡಿದು ಕುಳಿತೆ.

ದ್ಯಾಮವ್ವ ಚಹಾ ತಂದಿಟ್ಟಳು. ಲೋಟ ನನ್ನ ಕಡೆ ಸರಿಸಿ ಕೇಳಿದಳು, "ನಮ್ಮ ಲಗ್ನಕ್ಕಿಂತ ಮದ್ಲ ಬಂದಿತ್ತೇನ್ರಿ ಅದು?"

"ಹೂಂನವಾ. ಮದ್ಲ."

"ಹಂಗಾದ್ರ ಆ ನೌಕರಿ ಸಿಕ್ಕಿದ್ರ ನಾ ಈ ಮನಿಗೆ ಬರತಿದ್ದಿಲ್ಲ. ಸರ್ಕಾರಿ ನೌಕರಿಯವಗ ನಮ್ಮಂಥವರು ಹೆಣ್ಣು ಕೊಡಾಕ ಆಗತಿತ್ತೇನ್ರಿ?" ಎಂದು ಸಣ್ಣಗೆ ನಕ್ಕಳು. "ಛಾ ಆರತೈತಿ, ಕುಡೀರಿ."

ರೇಣುಕಾ ನಗಲಿಲ್ಲ. ನನ್ನನ್ನು ಬಸ್ ನಿಲ್ದಾಣಕ್ಕೆ ಬಿಟ್ಟು ಬಾ ಎಂದು ಅವ್ವ ಹೇಳಿದ್ದಕ್ಕೆ ಜೊತೆಗೆ ಬಂದಳು. ಪಕ್ಕದಲ್ಲಿ ಲಾರಿಗಳು ಹೋಗುತ್ತಿದ್ದವು.

"ಅಪ್ಪಗ ಖುಷಿ ಆಗೈತ್ರಿ" ಎಂದಳು. "ನನಗ ಆಗಿಲ್ಲ."

"ಆಗಬಾರದು."

"ಅಂವ ಇಪ್ಪತ್ತು ವರ್ಷ ಬಿಸಲಾಗ ನಿಂತು ನಂಬರು ಬರದಾನ್ರಿ. ನೀವು ಅಲ್ಲಿ ಫ್ಯಾನಿನ ಕೆಳಗ ಕುಂತಿದ್ರಿ. ಒಂದು ಮಾತು ಹೇಳಿದ್ರ ಮತ್ತೊಂದು ಕಡೆ ಪ್ರಯತ್ನನರ ಮಾಡತಿದ್ದ. ನನಗ ಯಾರೂ ಕರಿಯಂಗಿಲ್ಲ ಅಂತ ಕೈಚೆಲ್ಲಿದ."

ಅದನ್ನು ನಾನು ಯೋಚಿಸಿಯೇ ಇರಲಿಲ್ಲ. ಪತ್ರ ತಪ್ಪಿದ್ದನ್ನಷ್ಟೇ ಲೆಕ್ಕ ಹಾಕಿದ್ದೆ. ಅದಕ್ಕಿಂತ ದೊಡ್ಡದು ಆ ‘ಇಲ್ಲಪಾ’ ಎಂಬ ಉತ್ತರ ಎಂದು ಹತ್ತೊಂಬತ್ತರ ಹುಡುಗಿ ತೋರಿಸಿಕೊಟ್ಟಳು.

"ಕೋರ್ಸ್ ನಾನೇ ಆರಿಸ್ಕೋತೀನ್ರಿ. ನಿಮ್ಮನ್ನ ಕೇಳಂಗಿಲ್ಲ" ಎಂದಳು.

"ಕೇಳಬ್ಯಾಡ" ಎಂದೆ. "ಒಂದು ಮಾತು ಹೇಳಲೇನು? ಬೇಕಾದ್ರ ಕೇಳು, ಬ್ಯಾಡಾದ್ರ ಬಿಡು. ಯಾವ ಕೆಲಸ ಮನಸಿಗೆ ಬರತೈತೋ ಅಲ್ಲಿಗೆ ಹೋಗಿ ಒಂದು ದಿನ ನಿಂತು ನೋಡು. ಆ ಕೆಲಸ ಮಾಡವರನ್ನ ಮಾತಾಡಸು. ಬಿಟ್ಟು ಬಂದವರನ್ನೂ ಮಾತಾಡಸು. ನನ್ನಂಥವರ ಭಾಷಣ ಕೇಳಿ ಹೋಗಬ್ಯಾಡ."

ಬಸ್ ಬಂತು. ಹತ್ತಿ ಕುಳಿತು ನೋಡಿದರೆ ಅವಳು ಆಗಲೇ ಬೆನ್ನು ತಿರುಗಿಸಿ ನಡೆದಿದ್ದಳು.

ಸೋಮವಾರ ಸಾಹೇಬರಿಗೆ ಎಲ್ಲವನ್ನೂ ಬರೆದುಕೊಟ್ಟೆ. ಆಗ ಇದ್ದವರು ನನಗಿಂತ ಹದಿನೈದು ವರ್ಷ ಚಿಕ್ಕವರು. ಓದಿ, "ಇಷ್ಟು ಹಳೇದನ್ನ ಯಾಕ ಕೆದರತೀರಿ ಮೇಡಂ? ಆ ಫೈಲೂ ಈಗಿಲ್ಲ" ಎಂದು ಕಾಗದ ತಿರುಗಿ ಕೊಟ್ಟರು. ಶಿಕ್ಷೆ ಕೊಡಲೂ ಯಾರಿಗೂ ಪುರುಸೊತ್ತಿರಲಿಲ್ಲ.

ವಿರೂಪಾಕ್ಷಪ್ಪ ಆಮೇಲೆ ನವೀಕರಣಕ್ಕೆ ಬರಲಿಲ್ಲ. ಅವನು ಬರಬೇಕಾದ ತಿಂಗಳು ಬಂತು, ಹೋಯಿತು. ಇಪ್ಪತ್ತು ವರ್ಷ ಯಾವ ತಿಂಗಳಿಗೆ ಹೆದರುತ್ತಿದ್ದೆನೋ ಆ ತಿಂಗಳು ಬಾಗಿಲ ಕಡೆ ನೋಡುತ್ತ ಕುಳಿತೆ. ಅದಾದ ಕೆಲವೇ ದಿನಕ್ಕೆ ನನ್ನ ನಿವೃತ್ತಿ. ಶಾಲು, ಹಾರ, ಎರಡು ಭಾಷಣ. ಸಂಜೆ ಹಾರವನ್ನು ಚೀಲದಲ್ಲಿ ಹಾಕಿಕೊಂಡು ಮನೆಗೆ ಬಂದು ರೇಡಿಯೋ ಹಚ್ಚಿದೆ.

ರೇಣುಕಾ ಐಟಿಐ ಸೇರಿದ್ದು, ಇಲೆಕ್ಟ್ರಿಷಿಯನ್ ಕಲಿತದ್ದು, ಸೇರುವ ಮೊದಲು ಕುಷ್ಟಗಿ ಕಡೆಯ ಗಾಳಿ ಫ್ಯಾನುಗಳ ಹತ್ತಿರ ತಾನೇ ಹೋಗಿ ಇಡೀ ದಿನ ಅಲ್ಲಿನವರನ್ನು ಮಾತಾಡಿಸಿ ಬಂದದ್ದು, ಇವೆಲ್ಲ ನನಗೆ ಆಮೇಲೆ ಬೇರೆಯವರಿಂದ ತಿಳಿಯಿತು. ಈಗ ಅವಳು ಅವುಗಳ ದುರಸ್ತಿ ತಂಡದಲ್ಲಿದ್ದಾಳೆ. ಹಗ್ಗ ಕಟ್ಟಿಕೊಂಡು ಕಂಬದೊಳಗಿನ ಏಣಿ ಹತ್ತುತ್ತಾಳಂತೆ.

ಕಳೆದ ತಿಂಗಳು ಒಂದು ಮಧ್ಯಾಹ್ನ ಗುರುತಿಲ್ಲದ ನಂಬರಿನಿಂದ ಫೋನ್ ಬಂತು.

"ಮೇಡಂ, ನಾ ರೇಣುಕಾರಿ. ಗಿಣಿಗೇರಾ."

ಕುಳಿತಿದ್ದವಳು ಎದ್ದು ನಿಂತೆ. "ಹೇಳವಾ. ಅಪ್ಪ ಆರಾಮ ಅದಾನ?"

"ಆರಾಮ ಅದಾನ್ರಿ. ಮೇಡಂ, ತಳಕಲ್ ಕಡೆ ಸಾಲಿಯವರು ಕರದಾರ್ರಿ. ಹೆಣ್ಣುಮಕ್ಕಳಿಗೆ ಮುಂದಿನ ಕೆಲಸಗಳ ಬಗ್ಗೆ ಮಾತಾಡ್ರಿ ಅಂತ. ನಾಳೆನ ಐತ್ರಿ. ನನಗ ಮಾತಾಡಿ ರೂಢಿಲ್ಲ. ಏನು ಹೇಳಲ್ರಿ?"

"ನೀ ದಿನಾ ಏನು ಮಾಡತೀ, ಅದನ್ನ ಹೇಳು. ಎಷ್ಟು ಎತ್ತರ, ಹೆದರಿಕಿ ಆಗತೈತೋ ಇಲ್ಲೋ, ಊಟ ಎಲ್ಲಿ ಮಾಡತೀ, ಮನಿಗೆ ಎಷ್ಟು ಹೊತ್ತಿಗೆ ಮುಟ್ಟತೀ. ಕಲಿಯಾಕ ಎಷ್ಟು ತ್ರಾಸಾತು, ಅದನ್ನೂ ಹೇಳು."

"ಆ ಕೆಲಸ ಎಷ್ಟು ವರ್ಷ ಇರತೈತಿ ಅಂತ ಯಾರರ ಕೇಳಿದ್ರ?"

ಅವಳ ದನಿಯಲ್ಲಿ ಸಣ್ಣ ನಗು ಇತ್ತೋ, ಗಾಳಿಯೋ, ತಿಳಿಯಲಿಲ್ಲ.

"ಗೊತ್ತಿಲ್ಲ ಅನ್ನು. ಒಂದು ಹೋದ್ರ ಮತ್ತೊಂದು ಕಲಿಯೂಣು ಅನ್ನು" ಎಂದೆ.

"ಆಯ್ತ್ರಿ. ಇಡತೀನ್ರಿ, ಇಲ್ಲಿ ಗಾಳಿ ಭಾಳ ಐತಿ, ಕೇಳವಲ್ದು" ಎಂದಳು.

ಆದರೆ ಫೋನ್ ಕಡಿಯುವುದನ್ನು ಅವಳು ಮರೆತಿದ್ದಳು. ಗಾಳಿ ಬೀಸುವ ಸದ್ದು ಕೇಳುತ್ತಿತ್ತು. ದೂರದಿಂದ ಯಾರೋ "ರೇಣುಕಾ" ಎಂದು ಕೂಗಿದರು. "ಬಂದೆ" ಎಂದಳು. ಕಬ್ಬಿಣದ ಏಣಿಯ ಮೇಲೆ ಬೂಟಿನ ಸಪ್ಪಳ ಒಂದೊಂದಾಗಿ ಮೇಲಕ್ಕೆ ಹೋಯಿತು. ನಾನೂ ಕಡಿಯಲಿಲ್ಲ. ಕಿವಿಗೆ ಹಿಡಿದುಕೊಂಡು ಬಹಳ ಹೊತ್ತು ನಿಂತಿದ್ದೆ.